ಕರ್ಮಣಿ ಪ್ರಯೋಗ

ಮಳೆ ಹಿಡಿದು ಅದು ಹನ್ನೊಂದನೇ ದಿನ. ಶೆಡ್ಡಿನ ತಗಡಿನ ಮೇಲೆ ಒಂದೇ ಸಮನೆ ಬೀಳುತ್ತಿದ್ದ ನೀರಿನ ಸದ್ದಿಗೆ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ ಅದು ನಿಂತರೇ ಬೆಚ್ಚಿಬೀಳುವಂತಿತ್ತು. ನಾವು ಆಲೂಗಡ್ಡೆ ರಾಶಿಯ ಸುತ್ತ ಕೂತು ಆರಿಸುತ್ತಿದ್ದೆವು. ನೋಡುವವರಿಗೆ ಸುಲಭದ ಕೆಲಸ. ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಬೇಕು. ಮೆತ್ತಗಾದದ್ದು ಒಂದು ಕಡೆ, ಹಸಿರು ತಿರುಗಿದ್ದು ಇನ್ನೊಂದು ಕಡೆ, ಮೊಟ್ಟೆ ಗಾತ್ರವಿದ್ದು ಮೂರು ಕಣ್ಣಾದರೂ ಇದ್ದರೆ ಅದು ಬಿತ್ತನೆಯ ಬುಟ್ಟಿಗೆ. ಕೊಳೆತದ್ದೊಂದು ತಪ್ಪಿಸಿಕೊಂಡು ಒಳ್ಳೆಯವುಗಳ ಜೊತೆ ಸೇರಿತೋ, ಹದಿನೈದು ದಿನದಲ್ಲಿ ಇಡೀ ಚೀಲ ನಾರುತ್ತದೆ. ಆದ್ದರಿಂದ ಬಾಯಿ ಎಷ್ಟೇ ಆಡಿದರೂ ಬೆರಳುಗಳು ತಮ್ಮ ಪಾಡಿಗೆ ತಾವು ಒತ್ತಿ ನೋಡುತ್ತಲೇ ಇರಬೇಕು.

ನಾವೆಂದರೆ ನಾನು, ನನ್ನ ಅಕ್ಕನ ಮಗಳು, ಮತ್ತು ಒಂದೇ ಮನೆಗೆ ಸೊಸೆಯರಾಗಿ ಬಂದು ಇಪ್ಪತ್ತು ವರ್ಷದಿಂದ ಜಗಳವಾಡುತ್ತಲೇ ಜೊತೆಗೆ ಕೆಲಸಕ್ಕೆ ಬರುವ ವಾರಗಿತ್ತಿಯರಿಬ್ಬರು. ಸೇತುವೆ ಮುಳುಗಿದ್ದರಿಂದ ಹೊರಡಲಾರದೆ ಕೂತಿದ್ದ ಲಾರಿಯವನು ಬಾಗಿಲ ಬಳಿ ಕಂಬಕ್ಕೆ ಒರಗಿದ್ದ. ಚೀಲಗಳ ಮೇಲೆ, ತನ್ನ ಬಟ್ಟೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಅರ್ಜಿ ತಾತ. ಐವತ್ತು ವರ್ಷ ಕಚೇರಿಯ ಮುಂದೆ ಕೂತು ಓದು ಬಾರದವರಿಗೆ ಅರ್ಜಿ ಬರೆದುಕೊಟ್ಟವರು. ಈಗ ಕಣ್ಣು ಮಂಜಾಗಿ ಆ ಕೆಲಸ ಬಿಟ್ಟಿದ್ದರು. ಈ ಮಳೆಗಾಲ ಶುರುವಾದಾಗಿನಿಂದ ದಿನವೂ ಸಂಜೆ ಬಂದು ಕೂರುತ್ತಿದ್ದರು. ಏನೋ ಹೇಳಲು ಬಾಯಿ ತೆರೆದು, "ಮಳೆ ಜೋರಾಯ್ತು" ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದರು.

ಸಂಜೆ ಆರಕ್ಕೆ ಕರೆಂಟು ಹೋಯಿತು. ನಾನು ಬ್ಯಾಟರಿ ದೀಪವನ್ನು ಮೊಳೆಗೆ ಸಿಕ್ಕಿಸಿದೆ. ಅಕ್ಕನ ಮಗಳು ಕಾಲೇಜಿನಲ್ಲಿ ಓದುವವಳು. ಸಾಹಿತ್ಯದಲ್ಲಿ ಕಣ್ಣಿಗೆ ಬೀಳದವರ ಬಗ್ಗೆ ಎಂಟು ಪುಟ ಬರೆದುಕೊಂಡು ಹೋಗಬೇಕಿತ್ತಂತೆ. ಪಕ್ಕದಲ್ಲಿ ಕತೆಪುಸ್ತಕ ತೆರೆದಿಟ್ಟುಕೊಂಡು, ಒಂದು ಕೈಯಲ್ಲಿ ಆಲೂಗಡ್ಡೆ, ಒಂದು ಕೈಯಲ್ಲಿ ಪೆನ್ಸಿಲ್ಲು.

"ಚಿಕ್ಕಮ್ಮ, ಈ ಕತೇಲಿ ಒಂಬತ್ತು ಸಲ ಚಹಾ ಬರುತ್ತೆ," ಎಂದಳು.

"ಬರಲಿ ಬಿಡು, ಚಳಿಗಾಲದ ಕತೆ ಇರಬೇಕು," ಎಂದಳು ದೊಡ್ಡ ವಾರಗಿತ್ತಿ.

"ಅದಲ್ಲ, ಕೇಳಿ. 'ಅಷ್ಟರಲ್ಲಿ ಚಹಾ ಬಂತು.' ಇಲ್ಲೊಂದು ಕಡೆ, 'ಒಳಗಿನಿಂದ ಚಹಾ ಬಂತು.' ತಂದೋರು ಯಾರು ಅಂತ ಒಂದು ಕಡೇನೂ ಇಲ್ಲ. ತಾನೇ ನಡ್ಕೊಂಡು ಬರುತ್ತೆ."

"ಪುಣ್ಯವಂತರ ಮನೆ," ಎಂದ ಲಾರಿಯವನು. "ನಮ್ಮನೇಲಿ ನಾಲ್ಕು ಸಲ ಕೂಗಿದ್ರೂ ಬರಲ್ಲ."

"ಎದ್ದು ಹೋಗಿ ಒಲೆ ಹಚ್ಚಿದ್ರೆ ಬರುತ್ತಪ್ಪ. ಕೂಗಿದ್ರೆ ಬರೋಕೆ ಅದೇನು ನಾಯೀನಾ?" ಎಂದಳು ಚಿಕ್ಕ ವಾರಗಿತ್ತಿ.

ನಾವು ನಗುತ್ತಿದ್ದಾಗ ತಾತ ನಗಲಿಲ್ಲ. ಕೈಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಬರುತ್ತಮ್ಮ," ಎಂದರು. "ತಾನಾಗೇ ಬರೋ ಚಹಾ ನಾನು ಕುಡಿದಿದೀನಿ. ಹೇಳ್ಲಾ? ಹೇಳಿದ್ರೆ ಪೂರ್ತಿ ಹೇಳ್ಬೇಕು, ಮಧ್ಯ ಎದ್ದು ಹೋಗಬಾರದು."

"ಎಲ್ಲಿಗೆ ಹೋಗೋದು ತಾತ, ಸೇತುವೆ ನೀರಲ್ಲಿದೆ," ಎಂದ ಲಾರಿಯವನು.

ತಾತ ಮಂಜು ಕಣ್ಣುಗಳನ್ನು ದೀಪದ ಕಡೆ ತಿರುಗಿಸಿದರು. ಅವರು ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ.

*

ಕೇಳಿ... ನನಗೆ ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಓದು ಅಷ್ಟಕ್ಕಷ್ಟೇ, ಆದ್ರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಆ ಅಕ್ಷರದ ಸುದ್ದಿ ಕೇಳಿಯೇ ರಿಟೈರಾದ ಹೆಡ್‌ಮಾಸ್ಟರೊಬ್ಬರು ನನ್ನನ್ನ ಕರೆಸ್ಕೊಂಡ್ರು. ಅವರಿಗೆ ಎರಡೂ ಕಣ್ಣಿಗೆ ಪೊರೆ. ಬೆಳಕು ಕತ್ತಲೆ ಗೊತ್ತಾಗ್ತಿತ್ತೇ ಹೊರತು ಎದುರಿಗೆ ಕೂತೋರ ಮುಖ ಕಾಣ್ತಿರಲಿಲ್ಲ. ತಮ್ಮ ಜೀವನಚರಿತ್ರೆ ಬರೆಸಬೇಕು ಅಂತ ಆಸೆ. ಅವರು ಹೇಳ್ತಾ ಹೋಗೋದು, ನಾನು ಬರ್ಕೊಳ್ತಾ ಹೋಗೋದು. ಬೀದಿ ಕೊನೇಲಿ ಮನೆ. ಮುಂದೊಂದು ಕೋಣೆ, ಹಿಂದೊಂದು ಅಡುಗೆಕೋಣೆ, ನಡುವೆ ಬಾಗಿಲು, ಬಾಗಿಲಿಗೆ ಒಂದು ಕಂದು ಪರದೆ. ಅಷ್ಟೇ.

ಹತ್ತು ಗಂಟೆಗೆ ಕೂತ್ರೆ ಹನ್ನೊಂದಕ್ಕೆ ಅವರು ಮಾತು ನಿಲ್ಲಿಸಿ "ಚಹಾ ಬಂತು, ತಗೋ" ಅನ್ನೋರು. ತಿರುಗಿ ನೋಡಿದ್ರೆ ಪರದೆ ಕೆಳಗೆ ಹೊಸ್ತಿಲ ಮೇಲೆ ಎರಡು ಲೋಟ, ಹಬೆ ಆಡ್ತಾ. ಮಧ್ಯಾಹ್ನಕ್ಕೆ "ಊಟ ಬಂತು." ಮೋಡ ಕವಿದು ಕತ್ತಲಾದ್ರೆ "ದೀಪ ಬಂತು." ಮಸಿ ಮುಗಿದಿದೆ ಅಂತ ನಾನು ಬಾಟಲಿ ಅಲ್ಲಾಡಿಸಿದ್ರೆ ಸಾಕು, ಮಾರನೇ ದಿನ ಬಾಟಲಿ ತುಂಬಿರೋದು. ಒಳಗೆ ಪಾತ್ರೆ ಸದ್ದು, ರುಬ್ಬೋ ಸದ್ದು, ಕಸ ಗುಡಿಸೋ ಸದ್ದು... ಎಲ್ಲಾ ಇತ್ತು. ಯಾರು ಅಂತ ನಾನು ಕೇಳಲಿಲ್ಲ. ನೀವಾದ್ರೆ ಕೇಳ್ತಿದ್ರಾ? ಎಷ್ಟು ಮನೆಗೆ ಹೋಗಿ ಎಷ್ಟು ಲೋಟ ಚಹಾ ಕುಡಿದಿದೀವಿ ನಾವು, ಪರದೆ ಹಿಂದೆ ಯಾರಿದಾರೆ ಅಂತ ಒಂದು ದಿನ ಕೇಳಿದೀವಾ? ಹೆಂಡತಿ ಇಲ್ಲ ಅಂತ ಗೊತ್ತಿತ್ತು. ಅಕ್ಕನೋ ತಂಗಿಯೋ ಯಾರೋ ಇರಬೇಕು, ಇರ್ತಾರೆ, ಅಂದ್ಕೊಂಡು ಕುಡಿದೆ.

ಒಂದೇ ಒಂದು ದಿನ ಹುಡುಗಾಟಕ್ಕೆ, ಆ ಕೈ ಹೇಗಿದೆ ನೋಡೇಬಿಡೋಣ ಅಂತ, ಹನ್ನೊಂದಕ್ಕೆ ಐದು ನಿಮಿಷ ಇರೋವಾಗ್ಲೇ ಹೊಸ್ತಿಲ ಮೇಲೆ ಕಣ್ಣಿಟ್ಟೆ. ಬರೀತಾ ಇದೀನಿ, ಕಣ್ಣು ಮಾತ್ರ ಹೊಸ್ತಿಲ ಮೇಲೆ. ಒಂದ್ಸಲ ರೆಪ್ಪೆ ಬಡಿದೆ... ಲೋಟ ಇತ್ತು. ಪರದೆ ಅಲ್ಲಾಡಿರಲಿಲ್ಲ. ಭಯ ಆಯ್ತಾ ಅಂತೀರಾ? ಇಲ್ಲ. ಎಂಥಾ ಚುರುಕಿನ ಹೆಂಗಸಪ್ಪಾ ಅಂದ್ಕೊಂಡೆ. ನೋಡಿ, ಬುದ್ಧಿ ಹೇಗಿರುತ್ತೆ.

ಆಮೇಲೊಂದು ದಿನ ಹೋದೆ. ಮುಂದಿನ ಬಾಗಿಲು ತೆರೆದಿತ್ತು, ಕುರ್ಚಿ ಖಾಲಿ. ಹೆಡ್‌ಮಾಸ್ಟರು ಕಣ್ಣಿನ ಡಾಕ್ಟರ ಹತ್ರ ಹೋಗಿದ್ರು, ನನಗೆ ಹೇಳೋದು ಮರೆತಿದ್ರು. "ಯಾರಿದೀರಿ ಒಳಗೆ?" ಅಂದೆ.

"ಯಾರೂ ಇಲ್ಲ."

ಹೆಂಗಸಿನ ಧ್ವನಿ. ವಯಸ್ಸಾದ ಧ್ವನಿ, ಪರದೆಗೆ ಅಂಟಿಕೊಂಡೇ ಇದ್ದ ಹಾಗೆ. ನಾನು ಸರಿ ಅಂತ ತಿರುಗಿದೆ. ಯಾಕೆ ನಗ್ತೀರಿ? ನಿಮ್ಮ ಮನೆ ಬಾಗಿಲಲ್ಲಿ ಯಾರಾದ್ರೂ ಕೂಗಿದಾಗ ನೀವು ಏನಂತೀರಿ, ಹೇಳಮ್ಮ ದೊಡ್ಡೋಳೇ? ಗಂಡಸರು ಹೊರಗೆ ಹೋಗಿದ್ರೆ "ಯಾರೂ ಇಲ್ಲ" ಅನ್ನಲ್ವಾ? ನೀನು ಅಲ್ಲೇ ನಿಂತಿರ್ತೀಯ, ಬಾಗಿಲು ಹಿಡ್ಕೊಂಡು, ಬಾಯಿ ತುಂಬ ಮಾತಾಡ್ತಾ. ಆದ್ರೂ ಯಾರೂ ಇಲ್ಲ. ಕೇಳಿದೋನು ಸರಿ ಅಂತ ಹೋಗ್ತಾನೆ. ಅವನಿಗೂ ವಿಚಿತ್ರ ಅನ್ಸಲ್ಲ, ನಿನಗೂ ಅನ್ಸಲ್ಲ.

ಮೆಟ್ಟಿಲು ಇಳೀತಿದ್ದೆ. "ನಿಂತ್ಕೊಳಪ್ಪ," ಅಂತು ಧ್ವನಿ. "ಆ ಪುಸ್ತಕ... ಎಲ್ಲೀವರೆಗೆ ಬಂತು? ಅವನಿಗೆ ಏಳು ವರ್ಷದಲ್ಲಿ ಜ್ವರ ಬಂದಿತ್ತು. ಅದು ಬಂತಾ ಅದರಲ್ಲಿ?"

"ಬಂತಮ್ಮ. ಬರೆದಾಯ್ತು."

"ಓದು. ನನಗೆ ಓದೋಕೆ ಬರಲ್ಲ. ಊರಿಗೆಲ್ಲ ಅಕ್ಷರ ಕಲಿಸಿದ, ಮನೇಲಿ ಕಲಿಸೋಕೆ ಅವನಿಗೆ ಪುರುಸೊತ್ತಾಗಲಿಲ್ಲ."

ಹಾಳೆ ತೆಗೆದು ಓದಿದೆ. 'ನನ್ನ ಏಳನೆಯ ವಯಸ್ಸಿನಲ್ಲಿ ವಿಷಮ ಜ್ವರ ಬಂದು ಬದುಕುವ ಆಸೆ ಇರಲಿಲ್ಲ. ಹನ್ನೆರಡು ಮೈಲಿ ದೂರದ ಆಸ್ಪತ್ರೆಗೆ ನನ್ನನ್ನು ಸೇರಿಸಲಾಯಿತು.' ನಿಲ್ಲಿಸಿದೆ.

"ಸೇರಿಸಲಾಯಿತು," ಅಂದ್ಲು. "ಯಾರು ಸೇರಿಸಿದ್ರು ಅಂತ ಇಲ್ವಾ?"

"ಇಲ್ಲಮ್ಮ."

"ಹನ್ನೆರಡು ಮೈಲಿ ತಾನಾಗೇ ಹೋದ್ನಾ ಅವನು?" ಆಮೇಲೆ ಮೆಲ್ಲಗೆ ಹೇಳಿದ್ಲು. ಅವಳು ಅವನ ಅಕ್ಕ. ಆಗ ಹದಿನೈದು ವರ್ಷ. ಅಪ್ಪ ಅಮ್ಮ ಅದೇ ಜ್ವರದಲ್ಲಿ ಹಾಸಿಗೆ ಹಿಡಿದಿದ್ರು. ತಮ್ಮನ್ನ ಬೆನ್ನಿಗೆ ಸೀರೆ ತುಂಡಲ್ಲಿ ಕಟ್ಕೊಂಡು ಬೆಳಕು ಹರಿಯೋ ಮುಂಚೆ ಹೊರಟಿದ್ದು, ದಾರೀಲಿ ಎರಡು ಹಳ್ಳ ದಾಟಿದ್ದು, ಎರಡನೇ ಹಳ್ಳದಲ್ಲಿ ನೀರು ಎದೆ ಮುಟ್ಟಿದ್ದು. ಜ್ವರದ ಅಮಲಲ್ಲಿ ಅವನು ಅವಳ ಹೆಗಲು ಕಚ್ಚಿದ್ನಂತೆ. "ಗುರುತು ಇನ್ನೂ ಇದೆ," ಅಂದ್ಲು. "ಪೂರ್ತಿ ಏನೂ ಬೇಡಪ್ಪ. ಹಳ್ಳ ಬೇಡ, ಹೆಗಲು ಬೇಡ. ಅಕ್ಕ ಹೊತ್ಕೊಂಡು ಹೋದ್ಲು... ಇಷ್ಟು ಬಂದ್ರೆ ಸಾಕು. ಅವನ ಹೊಟ್ಟೆಗೆ ಹಾಕಿದ್ದು, ಬಟ್ಟೆ ಒಗೆದಿದ್ದು, ಅದನ್ನೆಲ್ಲ ಯಾರು ಬರೀತಾರೆ. ಆದ್ರೆ ಆ ಒಂದು ದಿನ ನಾನಿದ್ದೆ. ಇದ್ದೆ ಅಂತ ಒಂದು ಕಡೆ ಇರಲಿ."

"ಬರೀತೀನಕ್ಕಾ," ಅಂದೆ. ಮಾತು ಕೊಟ್ಟೆ. ನೆನಪಿಟ್ಕೊಳ್ಳಿ, ಕೇಳಿದ್ದು ಅವಳು, ಕೊಟ್ಟಿದ್ದು ನಾನು.

ಮಾರನೇ ದಿನ ಹೆಡ್‌ಮಾಸ್ಟರಿಗೆ ಹೇಳಿದೆ, ಆ ಜ್ವರದ ವಾಕ್ಯದಲ್ಲಿ ಅಕ್ಕ ಹೊತ್ಕೊಂಡು ಹೋದ್ರು ಅಂತ ಸೇರಿಸೋಣ್ವಾ ಸಾರ್ ಅಂತ. ಅವರು ವ್ಯಾಕರಣದ ಮೇಷ್ಟ್ರು. ಕೋಪ ಮಾಡ್ಕೊಳ್ಳಲಿಲ್ಲ, ಪಾಠ ಮಾಡಿದ್ರು. "ನೋಡಯ್ಯ, ರಾಮ ಮರ ಕಡಿದನು ಅಂದ್ರೆ ಕರ್ತರಿ ಪ್ರಯೋಗ. ಮರ ಕಡಿಯಲ್ಪಟ್ಟಿತು ಅಂದ್ರೆ ಕರ್ಮಣಿ. ಮುಖ್ಯ ಯಾವುದೋ ಅದು ಮುಂದೆ ಬರಬೇಕು. ಇಲ್ಲಿ ಮುಖ್ಯ ನಾನು, ನನ್ನ ಜ್ವರ, ನಾನು ಬದುಕಿದ್ದು. ಸೇರಿಸಲಾಯಿತು. ಎಷ್ಟು ಗಂಭೀರವಾಗಿದೆ ವಾಕ್ಯ, ಯಾಕೆ ಕೆಡಿಸ್ತೀಯ?"

ಏನಯ್ಯ ಲಾರಿ, ಏನೋ ಗೊಣಗಿದೆ? ಪ್ರಯೋಗ ಅಂದ್ರೆ ಮಾಟ ಅಲ್ವಾ ಅಂದ್ಯಾ? ಅದೂ ಒಂದು ಮಾಟಾನೇ ಕಣಯ್ಯ. ಎದುರಿಗಿರೋ ಮನುಷ್ಯರನ್ನ ಒಂದೇ ಪದದಲ್ಲಿ ಮಾಯ ಮಾಡುತ್ತೆ. ಐವತ್ತು ವರ್ಷ ಅರ್ಜಿ ಬರೆದೋನು ನಾನು. 'ಮನೆ ಕೆಡವಲಾಯಿತು' ಅಂತ ಬರೆದ್ರೆ ಕೆಡವಿದೋರು ಒಬ್ಬರೂ ಸಿಗಲ್ಲ.

"ಅಕ್ಕಾನೇ ಹೇಳಿದ್ರು ಸಾರ್," ಅಂದೆ ಕೊನೆಗೆ.

"ಯಾವ ಅಕ್ಕ?"

"ಒಳಗಿರೋರು."

"ಒಳಗೆ ಯಾರಿದಾರೆ?" ಅಂದ್ರು. ಹುಬ್ಬು ಕೂಡ ಮೇಲೆ ಹೋಗಲಿಲ್ಲ. "ನಾನೊಬ್ಬನೇ ಅಲ್ವೇನಯ್ಯ ಮನೇಲಿ ಇರೋದು. ಬರ್ಕೋ, ಮುಂದಿನ ಅಧ್ಯಾಯ."

ಹೊಸ್ತಿಲ ಮೇಲೆ ಎರಡು ಲೋಟ ಇತ್ತು. ಅವರು ಕೈ ಚಾಚಿ ತಮ್ಮದನ್ನ ತಗೊಂಡ್ರು.

ಇಲ್ಲೇ ನಾನು ತಪ್ಪು ಮಾಡಿದ್ದು. ಮುಂದಿನ ಸಲ ಅವರು ಡಾಕ್ಟರ ಹತ್ರ ಹೋದಾಗ ಅವಳು ಪರದೆ ಹಿಂದಿಂದ ಕೇಳಿದ್ಲು, "ಬರೆದ್ಯಾ?" ಇಲ್ಲ, ಅವರು ಒಪ್ಪಲಿಲ್ಲ ಅನ್ನಬಹುದಿತ್ತು. ಆದ್ರೆ ಆ ಧ್ವನೀಲಿ ಎಂಥಾ ಆಸೆ ಇತ್ತು ಅಂದ್ರೆ... "ಬರೆದೆ" ಅಂದುಬಿಟ್ಟೆ. "ಓದು" ಅಂದ್ಲು. ಹಾಳೆ ತೆಗೆದೆ. ಹಾಳೇಲಿ ಇರೋದು ಸೇರಿಸಲಾಯಿತು. ನಾನು ಓದಿದ್ದು, 'ಅಕ್ಕ ನನ್ನನ್ನು ಬೆನ್ನ ಮೇಲೆ ಹೊತ್ತು ಹನ್ನೆರಡು ಮೈಲಿ ದೂರದ ಆಸ್ಪತ್ರೆಗೆ ಸೇರಿಸಿದಳು.' ಓದು ಬಾರದೋಳಿಗೆ, ಇಲ್ಲದ್ದನ್ನ, ಇದೆ ಅಂತ ಓದಿದೆ. ತಡವರಿಸಲಿಲ್ಲ. ಅಷ್ಟು ಚೆನ್ನಾಗಿ ನನ್ನ ಜೀವಮಾನದಲ್ಲಿ ಏನೂ ಓದಿರಲಿಲ್ಲ.

ಆವತ್ತು ಬಂದ ಚಹಾದಲ್ಲಿ ಸಕ್ಕರೆ ಎರಡರಷ್ಟಿತ್ತು.

ನಾಲ್ಕು ತಿಂಗಳಾದ ಮೇಲೆ ಪುಸ್ತಕ ಅಚ್ಚಾಗಿ ಬಂತು. ಕಟ್ಟು ಹೊತ್ಕೊಂಡು ಅವರ ಮನೆ ಕಡೆ ಹೋಗ್ತಾ ಇದ್ದೆ. ಬೀದಿ ಮೂಲೇಲಿ ಹಾಲಿನವಳು ಸಿಕ್ಕಿದ್ಲು. "ಏನಪ್ಪ ಇಷ್ಟು ಖುಷಿ?" ಅಂದ್ಲು. "ಹೆಡ್‌ಮಾಸ್ಟರ ಪುಸ್ತಕ ಬಂತು, ಅವರಕ್ಕನಿಗೂ ಒಂದು ಕೊಡ್ಬೇಕು" ಅಂದೆ. ಹಾಲಿನ ಕ್ಯಾನು ಕೆಳಗಿಟ್ಟು ನನ್ನ ಮುಖಾನೇ ನೋಡಿದ್ಲು.

"ಅವರಕ್ಕ ಹೋಗಿ ಆರು ವರ್ಷ ಆಯ್ತಲ್ಲಪ್ಪ. ನಾನೇ ನೋಡಿದ್ದು. ಬೆಳಿಗ್ಗೆ ಹಾಲಿಗೆ ಪಾತ್ರೆ ಹೊರಗಿಡೋರು, ಎರಡು ದಿನ ಇಡಲಿಲ್ಲ. ಮೂರನೇ ದಿನ ಹಿಂದಿನ ಬಾಗಿಲಿಂದ ಹೋದೆ. ಒಲೆ ಮುಂದೆ ಬಿದ್ದಿದ್ರು. ಮೂರು ದಿನದ ಹೆಣ. ಮುಂದಿನ ಕೋಣೇಲಿ ಈ ಮನುಷ್ಯ ಪೇಪರ್ ಹಿಡ್ಕೊಂಡು ಕೂತಿದಾರೆ. ನಿಮ್ಮಕ್ಕ ಹೋಗಿಬಿಟ್ಟಿದಾರೆ ಸ್ವಾಮಿ ಅಂದ್ರೆ, 'ಹಾಗಾದ್ರೆ ಈಗ ಚಹಾ ತಂದಿಟ್ಟೋರು ಯಾರು' ಅಂದ್ರು. ಪಕ್ಕದಲ್ಲಿ ಖಾಲಿ ಲೋಟ. ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು. ಹಾಲೇ ತಗೊಂಡಿಲ್ಲ ಆ ಮನೇಲಿ ಮೂರು ದಿನದಿಂದ..."

ಅರ್ಥ ಆಯ್ತಾ? ಚಹಾ ನಿಂತಿದ್ರೆ ತಾನೇ ಅವರಿಗೆ ಗೊತ್ತಾಗೋದು? ನಿಲ್ಲಲಿಲ್ಲ. ಹೆಣ ಎತ್ತಿದ ಮೇಲೂ ನಿಲ್ಲಲಿಲ್ಲ. ಬರ್ತಿತ್ತು, ಕುಡೀತಿದ್ರು. ಮತ್ತೆ ನಾನು? "ಒಳಗೆ ಯಾರಿದಾರೆ" ಅಂತ ಅವರು ಅಂದಾಗ ನನಗೆ ಯಾಕೆ ಹೊಳೀಲಿಲ್ಲ? ಹೇಗೆ ಹೊಳೀಬೇಕು ಹೇಳಿ. ಹೆಂಗಸು ಬದುಕಿದ್ದು ಒಳಗಿದ್ರೂ ಹಾಗೇ ಅಂತಾರೆ, ಸತ್ತು ಒಳಗಿದ್ರೂ ಹಾಗೇ ಅಂತಾರೆ. ಎರಡಕ್ಕೂ ಒಂದೇ ಮಾತು. ಅವಳೂ ಸುಳ್ಳೇನೂ ಹೇಳಿರಲಿಲ್ಲ ನೋಡಿ. ಯಾರೂ ಇಲ್ಲ ಅಂತ್ಲೇ ಹೇಳಿದ್ಲು.

ಓಡಿಹೋಗ್ಬೇಕಿತ್ತು. ಆದ್ರೆ ಪುಸ್ತಕ ಕೈಯಲ್ಲಿದೆ, ಬಾಗಿಲಲ್ಲೇ ಹೆಡ್‌ಮಾಸ್ಟರು ಕಾಯ್ತಾ ನಿಂತಿದಾರೆ, ಮಕ್ಕಳ ಹಾಗೆ ಕೈ ಚಾಚ್ಕೊಂಡು. "ಮೊದಲ ಪುಟದಿಂದ ಓದಯ್ಯ, ಪೂರ್ತಿ ಕೇಳ್ಬೇಕು" ಅಂದ್ರು. ಕೂತೆ. ಓದ್ತಾ ಹೋದೆ. ಒಳಗೆ ರುಬ್ಬೋ ಸದ್ದು ಕೇಳಿಸ್ತಾ ಇತ್ತು, ಮೆತ್ತಗೆ, ಅವಳೂ ಕೇಳಿಸ್ಕೊಳ್ತಾ ಇದಾಳೆ ಅನ್ನೋ ಹಾಗೆ. ನಲವತ್ತನೇ ಪುಟಕ್ಕೆ ಬಂದೆ. ಎದುರಿಗೆ ಆ ವಾಕ್ಯಾನ ಬಾಯಿಪಾಠ ಮಾಡ್ಕೊಂಡಿರೋ ವ್ಯಾಕರಣದ ಮೇಷ್ಟ್ರು. ಪರದೆ ಹಿಂದೆ ಇನ್ನೊಂದು ವಾಕ್ಯಾನ ಎದೇಲಿಟ್ಕೊಂಡಿರೋ ಅವಳು. ಬಾಯಿ ಒಂದೇ. ಯಾವುದು ಓದಲಿ?

ಇದ್ದದ್ದನ್ನ ಓದಿದೆ. 'ಸೇರಿಸಲಾಯಿತು.'

ರುಬ್ಬೋ ಸದ್ದು ನಿಂತ್ಹೋಯ್ತು.

ಹನ್ನೊಂದು ಹೊಡೀತು. ಹೊಸ್ತಿಲು ಖಾಲಿ. ಹನ್ನೊಂದೂಕಾಲು. ಹೆಡ್‌ಮಾಸ್ಟರು ಕೈ ಚಾಚಿ ಗಾಳೀಲಿ ಹುಡುಕಿದ್ರು. "ಚಹಾ ಬಂದಿಲ್ಲ," ಅಂದ್ರು. ಅರವತ್ತು ವರ್ಷದ ಮನುಷ್ಯನ ಮುಖದಲ್ಲಿ ಅಂಥಾ ಗಾಬರಿ ನಾನು ನೋಡಿರಲಿಲ್ಲ. ಪರದೆ ಕಡೆ ತಿರುಗಿದ್ರು. ಮೊದಲನೇ ಸಲ ಕರೆದ್ರು, "ಒಳಗೆ ಯಾರಿದೀರಿ?"

ಪರದೆ ಹಿಂದಿಂದ ಉತ್ತರ ಬರಲಿಲ್ಲ. ಬಂದದ್ದು ನನ್ನ ಬಲಗಿವಿ ಹಿಂದಿಂದ. ಉಸಿರು ಕೂಡ ತಾಗ್ತು, ಒಲೆ ಮುಂದಿನ ಬಿಸಿ.

"ಯಾರೂ ಇಲ್ಲ."

ಪುಸ್ತಕ ಹಿಡ್ಕೊಂಡೇ ಓಡಿದೆ. ನನ್ನದು ಒಂಟಿ ಬಾಡಿಗೆ ಕೋಣೆ, ಒಂದು ಸ್ಟೌ, ಒಂದು ಚಾಪೆ. ಬೀಗ ತೆಗೆದೆ. ಹೊಸ್ತಿಲ ಒಳಗೆ ಒಂದು ಲೋಟ ಚಹಾ, ಹಬೆ ಆಡ್ತಾ. ಕುಡಿದ್ರೆ... ಸಕ್ಕರೆ ಇಲ್ಲ.

ಐವತ್ತೆಂಟು ವರ್ಷ ಆಯ್ತು. ಒಂದು ದಿನ ತಪ್ಪಿಲ್ಲ. ತಾತನಿಗೆ ಸಕ್ಕರೆ ಕಾಯಿಲೆ ಅಂತ ನೀವೆಲ್ಲ ಅಂದ್ಕೊಂಡಿದೀರಿ, ನನಗೆ ಗೊತ್ತು. ಮದುವೆ ಯಾಕೆ ಆಗಲಿಲ್ಲ ಅಂತಾನೂ ಕೇಳ್ತೀರಿ. ಒಂದ್ಸಲ ಹೆಣ್ಣಿನ ಕಡೆಯೋರು ಮನೆ ನೋಡೋಕೆ ಬಂದಿದ್ರು, ಕೂತ್ರು, ಎದುರಿಗೆ ಆರು ಲೋಟ ಚಹಾ ಬಂತು. ಆ ಹುಡುಗಿ ಒಬ್ಬಳೇ ತಲೆ ಎತ್ತಿ ಕೇಳಿದ್ದು, "ಇದನ್ನ ಮಾಡಿದೋರು ಯಾರು?" ಅಂತ. ಮೂಗನ ಹಾಗೆ ಕೂತಿದ್ದೆ. ಕುಡೀದೆ ಎದ್ದುಹೋದ್ರು. ಹೆಡ್‌ಮಾಸ್ಟರು? ಆ ವರ್ಷಾನೇ ಹೋದ್ರು, ಕುರ್ಚೀಲಿ ಕೂತ ಹಾಗೇ. ಅವರು ಹೋದದ್ದು ಮಾತ್ರ ಅದೇ ದಿನ ಎಲ್ಲರಿಗೂ ಗೊತ್ತಾಯ್ತು.

ಪುಸ್ತಕದಲ್ಲಿ ತಿದ್ದಿದೆ ನಾನು. ಆ ಸಾಲು ಹೊಡೆದುಹಾಕಿ, ಮೇಲೆ ನನ್ನ ಮುತ್ತಿನಂಥಾ ಅಕ್ಷರದಲ್ಲಿ ಬರೆದೆ. ಖಾಲಿ ಕೋಣೇಲಿ ನಿಂತು ಗಟ್ಟಿಯಾಗಿ ಓದಿದೆ, ಒಂದಲ್ಲ ನೂರು ಸಲ. ಮಾರನೇ ದಿನ ಚಹಾ ಬರುತ್ತೆ... ಸಕ್ಕರೆ ಇಲ್ಲ. ಯಾಕೆ ನಂಬ್ತಾಳೆ? ಅವಳಿಗೆ ಓದೋಕೆ ಬರಲ್ಲ, ನಾನು ಇಲ್ಲದ್ದನ್ನ ಒಂದ್ಸಲ ಓದಿದೋನು. ಈಗ ಇದೆ ಅಂದ್ರೂ ಇಲ್ಲ ಅಂದ್ರೂ ನನ್ನ ಬಾಯಿಗೆ ಬೆಲೆ ಇಲ್ಲ. ಬೇರೆ ಬಾಯಿ ಓದಬೇಕು. ಹಾಗಾದ್ರೆ ಇಷ್ಟು ವರ್ಷ ಯಾರ ಹತ್ರಾನೂ ಯಾಕೆ ಓದಿಸಲಿಲ್ಲ ಅಂತೀರಾ? ನನ್ನ ಕಸುಬು ಏನಮ್ಮ? ಓದು ಬಾರದೋರು ಬಂದು ಕೂರೋರು, ನಾನು ಬರೆದು ಓದಿ ಹೇಳೋನು, ಓದಿದ್ದೇ ಕಾಗದದಲ್ಲಿದೆ ಅಂತ ನಂಬಿ ಹೆಬ್ಬೆಟ್ಟು ಒತ್ತೋರು. ಇವನು ಇಲ್ಲದ್ದನ್ನ ಓದ್ತಾನೆ ಅಂತ ಒಬ್ಬರ ಕಿವಿಗೆ ಬಿದ್ದಿದ್ರೂ ನನ್ನ ಮುಂದೆ ಯಾರು ಕೂರ್ತಿದ್ರು?

ಈಗ ಕಸುಬು ಹೋಯ್ತು. ಕಣ್ಣೂ ಹೋಯ್ತು. ಬಾಯಿ ಹೋಗೋ ಮುಂಚೆ ಹೇಳ್ಬೇಕು ಅಂತ ಈ ಮಳೆಗಾಲ ಪೂರ್ತಿ ಇಲ್ಲಿಗೆ ಬಂದೆ. ಒಂದು ಮಾತ್ರ ತಿಳ್ಕೊಳ್ಳಿ, ಅವಳು ದೆವ್ವ ಅಂತ ನನಗೆ ಹೆದರಿಕೆ ಇಲ್ಲ. ಇದ್ದದ್ದನ್ನ ಓದೋರಿಗೆ ಅವಳೇನೂ ಮಾಡಲ್ಲ. ಇಲ್ಲದ್ದನ್ನ ಓದಿದೋರ ಬೆನ್ನು ಮಾತ್ರ ಬಿಡಲ್ಲ.

*

ತಾತ ಕೈಚೀಲಕ್ಕೆ ಕೈ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ತೆಳ್ಳನೆಯ ಪುಸ್ತಕ ಹೊರತೆಗೆದರು. ರಟ್ಟು ಹಳದಿಯಾಗಿತ್ತು.

"ನಲವತ್ತನೇ ಪುಟ," ಎಂದು ನನ್ನ ಅಕ್ಕನ ಮಗಳ ಕಡೆ ಚಾಚಿದರು. "ಮನೇಲಿ ಇಂಥವೇ ಎರಡಿವೆ, ತಿದ್ದಿದ್ದೊಂದು, ತಿದ್ದದೇ ಇರೋದೊಂದು. ತಡವಿ ತಿದ್ದಿದ್ದನ್ನೇ ತಂದಿದೀನಿ. ನಾನು ಬರೆದಿರೋದನ್ನ ಓದಮ್ಮ, ಗಟ್ಟಿಯಾಗಿ. ನಿನ್ನ ಬಾಯಿಂದ ಅವಳಿಗೆ ಕೇಳಲಿ."

ಯಾರ ಬೆರಳೂ ಆಡುತ್ತಿರಲಿಲ್ಲ. ಹುಡುಗಿ ಕೈಗಂಟಿದ್ದ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ನಾನು ಫೋನಿನ ಬೆಳಕು ಹಿಡಿದು ಅವಳ ಹೆಗಲ ಹಿಂದೆ ಬಗ್ಗಿದೆ. ಪುಟ ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು.

ಹಾಳೆ ಸ್ವಚ್ಛವಾಗಿತ್ತು. ಹೊಡೆದುಹಾಕಿದ ಗೆರೆಯಿಲ್ಲ, ಮಸಿಯಿಲ್ಲ, ಯಾರ ಅಕ್ಷರವೂ ಇಲ್ಲ. ಪುಟದ ನಡುವೆ ಅಚ್ಚಾದ ಸಾಲು ಅಚ್ಚಾದ ಹಾಗೆಯೇ ಇತ್ತು: 'ಹನ್ನೆರಡು ಮೈಲಿ ದೂರದ ಆಸ್ಪತ್ರೆಗೆ ನನ್ನನ್ನು ಸೇರಿಸಲಾಯಿತು.' ಮುದುಕ ತಡವಿ ತಂದದ್ದು ತಿದ್ದದ ಪ್ರತಿ.

ಅವಳು ತಲೆಯೆತ್ತಿ ತಾತನನ್ನು ನೋಡಿದಳು. ನಾನೂ ನೋಡಿದೆ. ಚೀಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಗದ್ದ ಸ್ವಲ್ಪ ಮೇಲೆತ್ತಿ, ಎರಡೂ ಅಂಗೈ ತೊಡೆಯ ಮೇಲೆ ಬಿಚ್ಚಿಟ್ಟು, ಐವತ್ತೆಂಟು ವರ್ಷ ಕಾದವರು ಕೂರುವ ಹಾಗೆ. ಪುಸ್ತಕ ಬದಲಾಗಿದೆ, ನಾಳೆ ಇನ್ನೊಂದು ತನ್ನಿ ಎಂದರೆ ಮುಗಿಯುತ್ತಿತ್ತು. ಆದರೆ ಆ ಮುಖಕ್ಕೆ ಅದನ್ನು ಹೇಳುವುದು ಹೇಗೆ?

ಹುಡುಗಿ ಪುಟದ ಮೇಲೆ ಬೆರಳಿಟ್ಟಳು.

"'ಅಕ್ಕ ನನ್ನನ್ನು ಬೆನ್ನ ಮೇಲೆ ಹೊತ್ತು,'" ಎಂದು ಶುರು ಮಾಡಿದಳು, ಗಟ್ಟಿಯಾಗಿ, ಎಲ್ಲೂ ತಡವರಿಸದೆ, "'ಹನ್ನೆರಡು ಮೈಲಿ ದೂರದ ಆಸ್ಪತ್ರೆಗೆ ಸೇರಿಸಿದಳು.'"

ನಾನು ಫೋನಿನ ಬೆಳಕು ಆರಿಸಿದೆ.

ಚಿಕ್ಕ ವಾರಗಿತ್ತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಲಾರಿಯವನು ಹೊರಗಿನ ಮಳೆ ನೋಡುತ್ತಿದ್ದ. ಆಮೇಲೆ ತಾತ ಎದ್ದರು, ಪುಸ್ತಕ ತೆಗೆದುಕೊಂಡು ಮೊದಲಿನಂತೆಯೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು, ಸುತ್ತುತ್ತಾ ಕೇಳಿದರು:

"ಇದ್ದದ್ದನ್ನೇ ಓದಿದೆ ತಾನೇ ಮಗಳೇ?"

"ಹೂಂ ತಾತ," ಎಂದಳು ಅವಳು.

"ಚೆನ್ನಾಗಿ ಓದಿದೆ. ತುಂಬಾ ಚೆನ್ನಾಗಿ ಓದಿದೆ."

ಕೊಡೆ ಬಿಡಿಸಿಕೊಂಡು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ತಲೆ ಒಂದಿಷ್ಟು ವಾಲಿಸಿದರು, ಬಲಗಿವಿಯ ಹಿಂದೆ ಇಷ್ಟು ವರ್ಷ ಇದ್ದ ಉಸಿರು ಈಗ ಎಲ್ಲಿ ಎಂದು ಹುಡುಕುವವರ ಹಾಗೆ. ಮತ್ತೆ ಅವರು ಮಾತಾಡಿದಾಗ ಧ್ವನಿ ಬೇರೆಯಾಗಿತ್ತು.

"ನಾನು ಆವತ್ತು ಓದಿದಾಗ ನನ್ನ ದನಿಯೂ ಹೀಗೇ ಇತ್ತಮ್ಮ," ಎಂದರು, ತಿರುಗದೆ. "ಒಂದು ಕಡೇನೂ ತಡವರಿಸಿರಲಿಲ್ಲ... ನಾಳೆ ಬೆಳಿಗ್ಗೆ ನಿನ್ನ ಮುಂದೆ ಚಹಾ ಬಂದ್ರೆ, ತಂದೋರು ಯಾರು ಅಂತ ತಲೆ ಎತ್ತಿ ನೋಡು. ನೋಡದೆ ಮಾತ್ರ ಕುಡೀಬೇಡ."